ಮೇಲೊಂದು ಕೋಟ್ ಪಾಲಿಶ್

ನನಗೆ ಮೂಗಿನ ತುದಿಯಲ್ಲೇ ಕೋಪ. ಮರದ ಮುಂದೆ ಕೂತಾಗ ಮಾತ್ರ ನನ್ನಷ್ಟು ತಾಳ್ಮೆಯವನು ಇನ್ನೊಬ್ಬ ಸಿಗಲಿಕ್ಕಿಲ್ಲ. ನಾನು ಕೂಡಿಸಿದ ಎರಡು ಪಟ್ಟಿಗಳ ನಡುವೆ ಕೂದಲೆಳೆ ತೂರುವುದಿಲ್ಲ ಅಂತ ನನಗೆ ಭಾರಿ ಜಂಬ. ಆ ಜಂಬವೇ ಒಡಹುಟ್ಟಿದವಳನ್ನು ಮುಳುಗಿಸುವುದರಲ್ಲಿತ್ತು.

ತಂಗಿ ನರ್ಸಿಂಗ್ ಓದಿದವಳು. ಮದುವೆಯಾಗಿ ಆರು ವರ್ಷವಾದರೂ ಗಂಡ ಕೆಲಸಕ್ಕೆ ಕಳಿಸಲಿಲ್ಲ. ಹೋದ ವರ್ಷ ಒಂದು ಆಸ್ಪತ್ರೆಯಿಂದ ಸಂದರ್ಶನದ ಪತ್ರ ಬಂದಾಗ ಅವಳ ಕಣ್ಣೆದುರೇ ಹರಿದು ಹಾಕಿದ್ದ. ಈಗ ಇನ್ನೊಂದು ಆಸ್ಪತ್ರೆಯವರು ಗುರುವಾರ ಹನ್ನೊಂದಕ್ಕೆ ಕರೆದಿದ್ದರು. ಮೂಲ ಸರ್ಟಿಫಿಕೇಟ್ ತರದಿದ್ದರೆ ಒಳಗೆ ಬಿಡುವುದಿಲ್ಲವಂತೆ.

"ಸರ್ಟಿಫಿಕೇಟ್ ನನ್ನ ಹತ್ರಾನೇ ಇರ್ಲಿ ಬಿಡೇ ಪುಟ್ಟಿ, ಅವತ್ತು ತಂದ್ಕೊಡ್ತೀನಿ" ಅಂದೆ.

"ನೀನು ಮನೆಗೆ ಬಂದ್ರೆ ನನ್ನ ಗಂಡನಿಗೆ ಅನುಮಾನ ಬರುತ್ತೆ. ಅಲ್ದೆ ಆ ಮನೇಲಿ ನಂದು ಅನ್ನೋದು ಒಂದೂ ಇಲ್ಲ ಅಣ್ಣ. ಇದಾದ್ರೂ ಹತ್ರ ಇರ್ಲಿ" ಅಂದಳು. ಬ್ಯಾಗಿನಿಂದ ತಮ್ಮಿಬ್ಬರ ಮದುವೆ ಫೋಟೊ ತೆಗೆದಳು. "ಇದಕ್ಕೆ ಫ್ರೇಮ್ ಹಾಕು. ಹಿಂದೆ ಗೊತ್ತಾಗದ ಹಾಗೆ ಜಾಗ ಮಾಡು. ತನ್ನ ಮುಖ ಇರೋ ಫೋಟೊನ ಅವ್ರು ಯಾವತ್ತೂ ಬಿಚ್ಚಿ ನೋಡಲ್ಲ."

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ತೇಗದ ಅಗಲ ಪಟ್ಟಿ. ಫೋಟೊ ಹಿಂದೆ ರಟ್ಟು, ರಟ್ಟಿನ ಹಿಂದೆ ಅರ್ಧ ಬೆರಳಿನಷ್ಟು ಜಾಗ, ಅದರ ಹಿಂದೆ ಅಂಟು ಹಾಕಿ ಮೊಳೆ ಹೊಡೆದ ಪ್ಲೈವುಡ್. ಕೆಳಗಿನ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಹಿಂದಿನ ಅರ್ಧ ಎಡಕ್ಕೆ ಜಾರುವಂತೆ ಕೂರಿಸಿದೆ. ಜಾರಿಸಿದರೆ ಕಾಗದ ತಾನಾಗಿ ಕೆಳಗಿಳಿಯಬೇಕು. ಅವಳ ಎದುರಿಗೇ ಸರ್ಟಿಫಿಕೇಟ್ ಇಟ್ಟು ಮುಚ್ಚಿದೆ. ಹತ್ತು ಸಲ ತೆಗೆದು ತೋರಿಸಿದೆ, ಬೆಣ್ಣೆಯ ಹಾಗೆ ಜಾರಿತು. ಅವಳು ಟೀ ತರಲು ಹೋದಾಗ ಫ್ರೇಮ್ ಯಾಕೋ ಮಂಕಾಗಿ ಕಂಡಿತು. ಕೈ ಸುಮ್ಮನಿರಲಿಲ್ಲ. ಬ್ರಷ್ ಎತ್ತಿ ಇನ್ನೊಂದು ಕೋಟ್ ಪಾಲಿಶ್ ಎಳೆದೆ, ಹಿಂದೆ, ಮುಂದೆ, ಕೆಳಗೆ. ಒಣಗಿದ ಮೇಲೆ ಕಾಗದದಲ್ಲಿ ಸುತ್ತಿ ಕಳಿಸಿಕೊಟ್ಟೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದು, ಹಿಂದಿನ ದಿನ ಪಾಲಿಶ್ ಮಾಡಿಟ್ಟ ಪೆಟ್ಟಿಗೆಯ ಮುಚ್ಚಳ ಎತ್ತಲು ಹೋದೆ. ಏಳಲಿಲ್ಲ. ಸಂದಿಗೆ ಇಳಿದ ಪಾಲಿಶ್ ಒಣಗಿ ಕಚ್ಚಿಕೊಂಡಿತ್ತು. ಅಯ್ಯೋ, ನನ್ನ ಬುದ್ಧಿಗೆ ಮಂಕು ಬಡಿಯ! ಆ ಫ್ರೇಮಿಗೂ ಮುಚ್ಚಿದ ಮೇಲೇ ಅಲ್ಲವೇ ಪಾಲಿಶ್ ಹೊಡೆದದ್ದು? ಉಳಿಯಿಲ್ಲದೆ ಇನ್ನು ಅದನ್ನು ಯಾರೂ ತೆಗೆಯಲಾರರು. ಫೋನ್ ಮಾಡೋಣವೆಂದರೆ ತಂಗಿಯ ಫೋನನ್ನು ಮೊದಲು ಎತ್ತುವವನು ಅವಳ ಗಂಡನೇ.

ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಡ್ರೈವರ್ ನಿಲ್ಲಿಸಿದಲ್ಲೆಲ್ಲ ಅವನನ್ನು ಮನಸ್ಸಿನಲ್ಲೇ ಬೈದೆ. ಹತ್ತಕ್ಕೆ ತಂಗಿಯ ಗಂಡ ಕೆಲಸಕ್ಕೆ ಹೋಗುತ್ತಾನೆ, ಆಮೇಲೆ ಒಂದು ಗಂಟೆ ಸಿಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಬಾಗಿಲು ತೆಗೆದವನು ಅವನೇ. ಲುಂಗಿಯಲ್ಲಿದ್ದ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೆನೇ? ಬನ್ನಿ, ಇವತ್ತು ನಾನು ರಜ. ಸಂಜೆ ನಮ್ಮ ಮ್ಯಾನೇಜರ್ ಮನೆಗೆ ಬರ್ತಿದ್ದಾರೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖದಲ್ಲಿ ರಕ್ತವಿರಲಿಲ್ಲ. ಬಲಗೈ ಉಗುರೊಂದು ಕಿತ್ತು ಬಂದಿತ್ತು. ಪಟ್ಟಿ ಜಾರಿಸಲು ಒದ್ದಾಡಿದ್ದಾಳೆಂದು ನೋಡಿದ ಕೂಡಲೇ ತಿಳಿಯಿತು.

"ಆ ಫ್ರೇಮಿಗೆ ಇನ್ನೊಂದು ಕೋಟ್ ಬಾಕಿ ಇತ್ತು. ತಗೊಂಡ್ ಹೋಗಿ ಸಂಜೆ ತಂದ್ಕೊಡ್ತೀನಿ" ಅಂದೆ.

"ಬೇಡವೇ ಬೇಡ! ಹೊಳೀತಿದೆಯಲ್ಲ. ಮ್ಯಾನೇಜರ್ ಬಂದಾಗ ಗೋಡೆ ಬೋಳಾಗಿ ಕಾಣ್ಬಾರ್ದು." ಟಿವಿಯ ಮೇಲಿನ ಗೋಡೆಯಲ್ಲಿದ್ದ ಫ್ರೇಮನ್ನು ತಾನೇ ಇಳಿಸಿದ. ತಿರುಗಿಸಿ ನೋಡಿದ. ಕೆಳಪಟ್ಟಿಯ ಮೇಲೆ ಬೆರಳಾಡಿಸಿದ. "ಇದೇನಿದು ಗೆರೆ?"

"ಅದು... ಜೋಡಣೆ. ಮರ ಸಾಲದೆ ಬಂದಿತ್ತು."

"ಏನ್ ಭಾವ, ತಂಗಿಗೆ ಅಂತ ಮರದಲ್ಲೂ ಉಳಿಸಿದ್ರಾ?" ಅಂತ ನಕ್ಕ. ನಾನೂ ಹಲ್ಲು ಕಿರಿದೆ. ಗಡಿಯಾರದಲ್ಲಿ ಒಂಬತ್ತು ಮುಕ್ಕಾಲು. ಕೈಜಾರಿದಂತೆ ನಟಿಸಿ ಬೀಳಿಸಿಬಿಡಲೇ ಅನ್ನಿಸಿತು. ಅವನ ಕೈಯಿಂದ ಫ್ರೇಮ್ ತೆಗೆದುಕೊಂಡೆ ಕೂಡ. ಆದರೆ ಕೈ ಬಿಡಲು ಆಗಲಿಲ್ಲ. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಆ ಹೊತ್ತಿನಲ್ಲೂ ನನಗೆ ನನ್ನ ಕೆಲಸವೇ ದೊಡ್ಡದಾಗಿತ್ತು.

"ಕೊಡಣ್ಣ, ಧೂಳು ಒರೆಸ್ತೀನಿ" ಅಂತ ತಂಗಿ ಬಂದಳು. ತೆಗೆದುಕೊಂಡಳು. ಗಂಡನ ಮುಖ ನೋಡಿದಳು. ಎರಡೂ ಕೈ ಬಿಟ್ಟಳು.

ಗಾಜು ಮನೆಯೆಲ್ಲ ಹಾರಿತು.

"ಕೈಯಲ್ಲಿ ಜೀವ ಇಲ್ವಾ ನಿಂಗೆ?" ಅಂತ ಅವನು ಕೂಗಿದ. ಬಾಯಿಗೆ ಬಂದದ್ದೆಲ್ಲ ಬೈದ. ಅವಳು ತಲೆ ತಗ್ಗಿಸಿ ಚೂರು ಆರಿಸುತ್ತಿದ್ದಳು. ನನ್ನ ಮೈ ಕುದಿಯಿತು, ಆದರೂ ತುಟಿ ಕಚ್ಚಿಕೊಂಡೆ. ಕೊನೆಗೆ ಅವನೇ ಅಂದ, "ಹೋಗು, ನಿಮ್ಮಣ್ಣನ ಜೊತೆ ಹೋಗಿ ಪಕ್ಕದಲ್ಲೇ ಕೂತು ಗಾಜು ಹಾಕಿಸ್ಕೊಂಡು ಬಾ. ಸಂಜೆ ಐದಕ್ಕೆ ಇದು ಗೋಡೆ ಮೇಲಿರ್ಬೇಕು!"

ಎರಡು ಬೀದಿ ದಾಟಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತೆವು. ಅಷ್ಟು ಎತ್ತರದಿಂದ ಬಿದ್ದರೂ ಹಾಳಾದ ನನ್ನ ಜೋಡಣೆ ಅಲ್ಲಾಡಿರಲಿಲ್ಲ. ಪ್ಲೈವುಡ್ಡಿನ ಅಂಚಿಗೆ ಉಳಿ ಕೊಟ್ಟೆ. ಒಂದು ಕೂದಲಿನಷ್ಟು ಆಚೆ ಹೋದರೂ ಕಾಗದ ಸೀಳುತ್ತದೆ. ಮೂವತ್ತು ವರ್ಷ ಉಳಿ ಹಿಡಿದವನು ಎಲ್ಲಿ ಒತ್ತಬೇಕೆಂದು ತಿಳಿಯದೆ ಮೂರು ಸಲ ಜಾಗ ಬದಲಿಸಿದೆ. "ನಿಧಾನ ಅಣ್ಣ, ಹೊತ್ತಿದೆ" ಅಂತ ಅವಳೇ ನನಗೆ ಧೈರ್ಯ ಹೇಳಿದಳು. ಪ್ಲೈವುಡ್ ಎದ್ದಿತು. ಸರ್ಟಿಫಿಕೇಟಿನ ಒಂದು ಮೂಲೆ ಪಾಲಿಶ್‌ಗೆ ಅಂಟಿ ಹರಿಯಿತು, ಅವಳ ಹೆಸರಿದ್ದ ಕಡೆ ಏನೂ ಆಗಿರಲಿಲ್ಲ. ಸರ್ಟಿಫಿಕೇಟನ್ನು ಎದೆಗವಚಿಕೊಂಡು ಓಡಿದಳು. ಹತ್ತು ಮುಕ್ಕಾಲಾಗಿತ್ತು.

ಐದಕ್ಕೆ ಫೋಟೊ ಗೋಡೆಯ ಮೇಲಿತ್ತು, ಸುಮ್ಮನೆ ಸಾದಾ ಫ್ರೇಮಿನಲ್ಲಿ.

ಹದಿನೈದು ದಿನದ ಮೇಲೆ ಅಂಗಡಿಗೆ ಬಂದು ನೇಮಕದ ಪತ್ರ ನನ್ನ ಕೈಗಿಟ್ಟಳು. ಎರಡು ಸಲ ಓದಿದೆ. ಕಣ್ಣು ತುಂಬಿತು. ಮರುಕ್ಷಣವೇ ಬಾಗಿಲಾಚೆ ಯಾರಾದರೂ ಇದ್ದಾರೆಯೇ ಅಂತ ನೋಡಿದೆ.

"ಇದನ್ನೂ ಬಚ್ಚಿಡ್ಬೇಕಲ್ಲೇ ಪುಟ್ಟಿ. ಈ ಸಲ ಪಾಲಿಶ್ ಮುಟ್ಟಲ್ಲ, ನಿನ್ನಾಣೆ."

"ಬೇಡ. ಇದಕ್ಕೂ ಒಂದು ಫ್ರೇಮ್ ಹಾಕು. ಗಾಜಿನ ಒಳಗೆ, ಎದುರಿಗೇ ಕಾಣೋ ಹಾಗೆ. ಟಿವಿ ಮೇಲೆ ಫೋಟೊ ಪಕ್ಕ ಜಾಗ ಇದೆ."

"ಹುಚ್ಚೇನೇ ನಿಂಗೆ? ಅವನು ನೋಡಿದ್ರೆ?"

"ನೋಡ್ಲಿ ಅಂತಾನೇ ಅಣ್ಣ."

ನಾನು ಟೇಪ್ ಹಿಡಿದು ಅಳತೆ ತೆಗೆದೆ. ಕಾಗದದ ಇನ್ನೊಂದು ತುದಿಯನ್ನು ಅವಳೇ ಒತ್ತಿ ಹಿಡಿದುಕೊಂಡಳು.