ನಳಿಗೆಯ ತುದಿಯ ಬಿಳಿ ಮಣಿ

ಪೆರಿಯಾರ್ ನದಿಯ ಅಣೆಕಟ್ಟು ಮುಗಿಯುತ್ತ ಬಂದಿದ್ದ ವರ್ಷ ಅದು. ಕಂಬಂ ಸುತ್ತಿನ ಗಂಡಸರಲ್ಲಿ ಬಹಳ ಜನ ಅಲ್ಲಿಗೆ ಕಲ್ಲು ಹೊರಲು ಹೋಗಿದ್ದರು. ಪೆರಿಯಣ್ಣನ್ ಹೋಗಲಿಲ್ಲ. ಅವನಿಗೆ ಬೆಟ್ಟದ ಮೇಲಿನ ಏಲಕ್ಕಿ ತೋಟದಲ್ಲಿ ಕಾವಲುಗಾರನ ಕೆಲಸವಿತ್ತು, ಸೊಂಟದಲ್ಲಿ ತೋಟದ ದೊರೆ ಕೊಟ್ಟ ಆರು ಗುಂಡಿನ ಪಿಸ್ತೂಲಿತ್ತು. ಹೊತ್ತು ಇಳಿಯುವಾಗ ಏಲಕ್ಕಿ ಬಿಡಿಸುವ ಹೆಂಗಸರನ್ನು ಕಾಡಿನ ದಾರಿಯಲ್ಲಿ ಸಾಲುಮನೆಗಳಿಗೆ ಕರೆತರುವುದು ಅವನ ಹೊಣೆ. ಕರಡಿ, ಕಾಡುಹಂದಿ ಓಡಾಡುವ ದಾರಿ. ಪೆರಿಯಣ್ಣನ್ ಮುಂದೆ ಇದ್ದಾನೆಂದರೆ ಹೆಂಗಸರು ಹಾಡಿಕೊಂಡು ಇಳಿಯುತ್ತಿದ್ದರು.

ಎರಡು ವರ್ಷದಿಂದ ಅವನಿಗೊಂದು ಕಿರಿಕಿರಿ ಶುರುವಾಗಿತ್ತು. ಹೊತ್ತು ಮುಳುಗುವ ವೇಳೆಗೆ ಪಿಸ್ತೂಲೆತ್ತಿ ನೋಡಿದರೆ ನಳಿಗೆಯ ತುದಿಯಲ್ಲಿದ್ದ ಗುರಿಯ ಮುಳ್ಳು ಕಾಣುತ್ತಿರಲಿಲ್ಲ. ಕಪ್ಪು ನಳಿಗೆ, ಕಪ್ಪು ಮುಳ್ಳು, ಹಿಂದೆ ಕಪ್ಪು ಕಾಡು. ತಪ್ಪು ಪಿಸ್ತೂಲಿನದೇ ಎಂದುಕೊಂಡ. ಹೆಂಡತಿ ಪಳನಿಯಮ್ಮಾಳ್‌ಳ ಎಲೆಯಡಿಕೆ ಚೀಲದಿಂದ ಒಂದು ಚಿಟಿಕೆ ಸುಣ್ಣ ತೆಗೆದು ಮುಳ್ಳಿನ ತುದಿಗೆ ಹಚ್ಚಿದ. ಅವತ್ತು ಸಂಜೆ ಬಿಳಿ ಚುಕ್ಕೆ ಎದ್ದು ಕಾಣಿಸಿತು.

ಜೊತೆಗೆ ಕೆಲಸಕ್ಕಿದ್ದವನು ಪಳನಿಯಮ್ಮಾಳ್‌ಳ ತಮ್ಮ ಅಯ್ಯನಾರ್. ಅವನು ನೋಡಿ ನಕ್ಕ.

"ಏನ್ ಮಾಮ, ಪಿಸ್ತೂಲ್ಗೂ ಎಲೆಯಡ್ಕೆ ಹಾಕ್ಸೀರಾ?"

"ನಗು ನಗು. ಹಂದಿ ಬಂದ್ರೆ ಆಗ ತಿಳೀತದೆ."

ಆದರೆ ಬೆಟ್ಟದ ಮಂಜಿಗೆ ಸುಣ್ಣ ನಿಲ್ಲಲಿಲ್ಲ. ದಿನವೂ ಹಚ್ಚಬೇಕು, ದಿನವೂ ಕರಗಬೇಕು. ಏಲಕ್ಕಿ ಮೂಟೆಗಳ ಗಾಡಿಗಳು ದಿಂಡಿಗಲ್ಲಿನ ರೈಲಿಗೆ ಹೊರಟಾಗ ಪೆರಿಯಣ್ಣನ್ ಕಾವಲಿಗೆ ತಾನೇ ಹೋಗುತ್ತೇನೆಂದ. ದಾರಿಯ ಊರು ಬತ್ತಲಗುಂಡಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಮೂರನೆಯ ದಿನ ಮಧ್ಯಾಹ್ನ ದಿಂಡಿಗಲ್ ಸೇರಿ, ಬೀಗ ಮಾಡುವವರ ಬೀದಿಯಲ್ಲಿ ಮಾಯಾಂಡಿ ಎಂಬ ಮುದಿ ಕಮ್ಮಾರ ಆಸಾರಿಯನ್ನು ಹುಡುಕಿಕೊಂಡು ಹೋದ.

ಮಾಯಾಂಡಿ ಪಿಸ್ತೂಲನ್ನು ತಿರುಗಿಸಿ ನೋಡಿದ. ಹಳೆಯ ಮುಳ್ಳಿನ ತಲೆಯನ್ನು ಅರದಿಂದ ಉಜ್ಜಿ, ಸಣ್ಣ ಗುಳಿ ಕೊರೆದು, ಶಂಖದ ಬಳೆಯ ಚೂರೊಂದನ್ನು ಜೋಳದ ಕಾಳಿಗಿಂತ ಚಿಕ್ಕದಾಗಿ ತೇದು ಅದರಲ್ಲಿ ಕೂರಿಸಿದ. ಎರಡು ಗಂಟೆಯ ಕೆಲಸ. ಮುಗಿದ ಮೇಲೆ ಅಂಗಡಿಯ ಬಾಗಿಲನ್ನು ಮುಕ್ಕಾಲು ಮುಚ್ಚಿ ಒಳಗೆ ಸಂಜೆಯಷ್ಟು ಮಬ್ಬು ಮಾಡಿ, ಪಿಸ್ತೂಲನ್ನು ಅವನ ಕೈಗೆ ಕೊಟ್ಟು ತಾನು ಎದುರು ಗೋಡೆಗೆ ಹೋಗಿ ನಿಂತ. ಮನೆಯಲ್ಲಿ ಕನ್ನಡವಾಡುವ ಪೆರಿಯಣ್ಣನ್ ಅವನೊಡನೆ ತಮಿಳಿನಲ್ಲಿ ಮಾತಾಡಿದ.

"ಗುಂಡು ಇಲ್ಲ ತಾನೆ? ಸರಿ, ಗೌಂಡರೇ, ಎತ್ತಿ ನೋಡಿ. ಮಣಿ ಕಾಣುತ್ತಾ?"

"ಮುತ್ತಿನ ಹಾಗೆ ಕಾಣುತ್ತೆ."

"ಮಣಿಯ ಆಚೆ ನಾನು ಎಷ್ಟು ಬೆರಳು ಎತ್ತಿದ್ದೇನೆ?"

ಪೆರಿಯಣ್ಣನ್ ಕಣ್ಣು ಕಿರಿದು ಮಾಡಿದ. ಮಣಿಯ ಸುತ್ತ ಬೂದಿಯಂಥ ಮಬ್ಬು ಬಿಟ್ಟರೆ ಬೇರೇನೂ ಇರಲಿಲ್ಲ. "ಮೂರು" ಎಂದ.

ಮುದುಕ ಬಂದು ಕಾಲಿನಿಂದಲೇ ಬಾಗಿಲು ತಳ್ಳಿ ತೆರೆದ. ಅವನ ಎರಡು ಕೈಗಳೂ ಆಗಿನಿಂದಲೂ ಬೆನ್ನ ಹಿಂದಿದ್ದವು.

"ನನ್ನ ಅಣ್ಣನಿಗೂ ಹೀಗೇ ಇತ್ತು. ಮಾಲೆಕಣ್ಣು ಅಂತಾರೆ, ಇರುಳುಗುರುಡು. ಮೊದಲು ಸಂಜೆ ಹೋಯಿತು, ಆಮೇಲೆ ಅಕ್ಕಪಕ್ಕದ್ದು ಕಾಣದಾಯಿತು, ಕೊನೆಗೆ ಹಗಲೂ ಹೋಯಿತು. ಅವನ ಮಗನಿಗೂ ಬಂತು. ಪಿಸ್ತೂಲು ನಾನು ಸರಿ ಮಾಡಬಲ್ಲೆ, ಗೌಂಡರೇ. ಅಷ್ಟೇ ನನ್ನ ಕೈಲಾಗೋದು."

ಪೆರಿಯಣ್ಣನ್ ಕೂಲಿ ಕೊಟ್ಟು ಹೊರಟ. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದ. ಪಳನಿಯಮ್ಮಾಳ್ ಕಣ್ಣಿಗೆ ಒಳ್ಳೆಯದೆಂದು ಎರಡು ತಿಂಗಳು ಆಡಿನ ಈಲಿ ಸುಟ್ಟು ಕೊಟ್ಟಳು, ಕಾಲುವೆ ಬದಿಯ ಹೊನಗೊನೆ ಸೊಪ್ಪನ್ನು ದಿನವೂ ಬೇಯಿಸಿದಳು. ಸಂಜೆ ಮಾತ್ರ ದಿನದಿನಕ್ಕೆ ಬೇಗ ಬರತೊಡಗಿತು.

"ಕೆಲಸ ಬಿಟ್ಬಿಡಿ. ದೊರೆ ಹತ್ರ ಹೇಳಿ" ಎಂದಳು.

"ಏನಂತ ಹೇಳ್ಲಿ? ಕಣ್ಣು ಕಾಣಲ್ಲ, ಅದು ಮನೆತನಕ್ಕೆ ಬರೋ ಕಾಯ್ಲೆ ಅಂತ್ಲಾ?" ಒಳಗೆ ಮಲಗಿದ್ದ ಮಗಳ ಕಡೆ ತಲೆಯಾಡಿಸಿದ. ಹನ್ನೆರಡು ವರ್ಷದ ಜೆಯಲಕ್ಷ್ಮಿಯನ್ನು ಅಯ್ಯನಾರ್‌ನ ಮಗನಿಗೆ ಕೊಡುವುದೆಂದು ಮಾತಾಗಿತ್ತು. "ಸಂಕ್ರಾಂತಿ ಕಳ್ದು ತೈ ತಿಂಗ್ಳಲ್ಲಿ ನಿಶ್ಚಯದ ವೀಳ್ಯ ಮುಗೀಲಿ. ಆಮೇಲೆ ಕಾಲು ನೋವು ಅಂತ ಬಿಡ್ತೀನಿ."

ದಾರಿಯನ್ನು ಅವನು ಹೆಜ್ಜೆ ಎಣಿಸಿ ಕಲಿತ. ತಿರುವಿನ ಬಂಡೆ, ಝರಿಯ ಸದ್ದು, ಬಿದ್ದ ಮರ. ಯಾರಿಗೂ ಗೊತ್ತಾಗಲಿಲ್ಲ. ಬಿಳಿ ಮಣಿಯನ್ನು ಎಲ್ಲರಿಗೂ ತೋರಿಸುತ್ತಿದ್ದ. ಕಾವಲುಗಾರನ ಪಿಸ್ತೂಲಿಗೆ ಕತ್ತಲಲ್ಲೂ ಕಣ್ಣಿದೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಕಾರ್ತಿಕದ ಒಂದು ಸಂಜೆ ಮಂಜು ಬೇಗ ಇಳಿಯಿತು. ಪೆರಿಯಣ್ಣನ್ ಮುಂದೆ, ಹಿಂದೆ ಬುಟ್ಟಿ ಹೊತ್ತ ಹೆಂಗಸರು, ಎಲ್ಲರ ಕೊನೆಗೆ ಅಯ್ಯನಾರ್. ಬಿದ್ದ ಮರವನ್ನು ದಾಟಿ ಹತ್ತು ಹೆಜ್ಜೆ ಹೋಗಿದ್ದರು. ಮರದ ಬುಡದಲ್ಲಿ ಗೆದ್ದಲು ಕೆದಕುತ್ತಿದ್ದ ಕರಡಿ ಅಯ್ಯನಾರ್‌ನ ಮೇಲೆ ಎದ್ದಿತು.

ಹೆಂಗಸರು ಬುಟ್ಟಿ ಚೆಲ್ಲಿ ಕೂಗಿದರು. ಪೆರಿಯಣ್ಣನ್ ಓಡಿ ಬಂದ, ಪಿಸ್ತೂಲೆತ್ತಿದ. ಐದಾರು ಮಾರು ದೂರದಲ್ಲಿ ಭಾವಮೈದುನನ ಗೋಳೂ ಕರಡಿಯ ಗುರುಗುಟ್ಟುವಿಕೆಯೂ ಒಂದರೊಳಗೊಂದು ಹೊರಳುತ್ತಿದ್ದವು.

"ಗುಂಡು ಸುಡಿ ಮಾಮ! ಸುಡಿ!" ಅಯ್ಯನಾರ್ ಕೂಗಿದ.

ಮಣಿ ಚೆನ್ನಾಗಿ ಕಾಣಿಸಿತು. ಸ್ವಲ್ಪವೂ ನಡುಗದೆ ಹಿಂಬದಿಯ ಗುರಿಕಚ್ಚಿನ ನಡುವೆ ಬಂದು ನಿಂತಿತು. ಅದರಾಚೆ ಬರೀ ಬೂದಿ. ಯಾವುದು ಕರಡಿ, ಯಾವುದು ಮನುಷ್ಯ? ಸದ್ದಿನ ಕಡೆ ತಿರುಗಿಸಿದ, ಸದ್ದು ಹೊರಳಿತು. ಮತ್ತೆ ತಿರುಗಿಸಿದ. ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಕಲ್ಲಾಗಿತ್ತು.

"ಸುಡೋ ಪಾಪೀ!" ಎಂದು ಚೀರಿದವಳು ಚಿನ್ನತಾಯಿ, ಏಲಕ್ಕಿ ಬಿಡಿಸುವವರಲ್ಲಿ ಹಿರಿಯಳು. ಅವಳೇ ಕತ್ತಿ ಹಿಡಿದು ನುಗ್ಗಿದಳು. ಅವಳ ಹಿಂದೆ ಉಳಿದವರೂ ಕಲ್ಲೆಸೆಯುತ್ತ ಅರಚುತ್ತ ನುಗ್ಗಿದಾಗ ಕರಡಿ ಬಿಟ್ಟು ಕಣಿವೆಗೆ ಇಳಿಯಿತು. ಪೆರಿಯಣ್ಣನ್ ಪಿಸ್ತೂಲೆತ್ತಿಕೊಂಡೇ ನಿಂತಿದ್ದ.

ಅಯ್ಯನಾರ್ ಸಾಯಲಿಲ್ಲ. ಬಲಗಣ್ಣು ಹೋಯಿತು, ಕೆನ್ನೆ ದವಡೆಯವರೆಗೆ ಹರಿದು ಸೊಟ್ಟಗೆ ಕೂಡಿಕೊಂಡಿತು. ದೊರೆಯ ಗುಮಾಸ್ತ ಮರುದಿನವೇ ಪಿಸ್ತೂಲು ವಾಪಸು ತೆಗೆದುಕೊಂಡ. ಹೆಂಗಸರು ಪೆರಿಯಣ್ಣನ್ ಇಳಿದುಹೋಗುವಾಗ ಬೆನ್ನು ತಿರುಗಿಸಿ ನಿಂತರು.

ಕೆಳಗೆ ಮನೆಯಲ್ಲಿ, ಮೂರನೆಯ ದಿನ, ಮುದ್ದೆ ಮುರಿಯುತ್ತಿದ್ದಾಗ ಅವನಿಗೆ ಒಂದು ಯೋಚನೆ ಹೊಳೆಯಿತು. ಆಕಾಶಕ್ಕೆ ಹಾರಿಸಬಹುದಿತ್ತು. ಗುರಿಯೇ ಬೇಕಿರಲಿಲ್ಲ. ಆ ಸದ್ದಿಗೇ ಕರಡಿ ಬಿಟ್ಟು ಓಡುತ್ತಿತ್ತು. ಎರಡು ವರ್ಷ ಗುರಿ ಕಾಣಬೇಕು, ಗುರಿ ಕಾಣಬೇಕು ಎಂದು ಒದ್ದಾಡಿದವನಿಗೆ ಅಷ್ಟು ಹೊತ್ತೂ ಅದು ನೆನಪಾಗಲಿಲ್ಲ. ಕೈತೊಳೆದು ಎದ್ದ. ಆಮೇಲೆ ಉಂಡಾಗಲೆಲ್ಲ ಅದೇ ಯೋಚನೆ ಬಂದು ಎದುರು ಕೂರುತ್ತಿತ್ತು.

ತೈಗೆ ಮುಂಚಿನ ಮಾರ್ಗಳಿ ತಿಂಗಳು ಮುಗಿಯುವಾಗ ಅಯ್ಯನಾರ್ ಬಂದ. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದ. ಜಗುಲಿ ಹತ್ತಲಿಲ್ಲ.

"ಒಂದೇ ಮಾತು ಕೇಳಾಕೆ ಬಂದೆ. ಯಾಕ್ ಸುಡ್ಲಿಲ್ಲ?" ಇಷ್ಟು ವರ್ಷ ನೀವು ಎನ್ನುತ್ತಿದ್ದವನು ಈಗ ಏಕವಚನಕ್ಕಿಳಿದಿದ್ದ. "ನಿನ್ ಕೈ ಗುರಿ ನಂಗೊತ್ತು. ಹತ್ರಾನೇ ನಿಂತಿದ್ದೆ. ಮಣಿ ಬೇರೆ ಹಾಕ್ಸಿದ್ದೆ. ಯಾಕೆ?"

ಪಳನಿಯಮ್ಮಾಳ್ ಬಾಗಿಲಿಗೆ ಬಂದು ಬಾಯಿ ತೆರೆದಳು. ಪೆರಿಯಣ್ಣನ್ ಅವಳತ್ತ ನೋಡಿದ ನೋಟಕ್ಕೆ ಹಾಗೇ ನಿಂತಳು.

"ಭಯ ಆಯ್ತು" ಎಂದ.

"ಭಯ."

"ಹೂಂ. ಕೈ ಬರ್ಲಿಲ್ಲ."

ಅಯ್ಯನಾರ್ ಉಳಿದ ಒಂದು ಕಣ್ಣಿನಿಂದ ಅವನನ್ನು ನೋಡಿದ.

"ನಾನು ಸಾಯೋದ್ನ ನಿಂತ್ಕೊಂಡು ನೋಡ್ದವ್ನ ಮನೆ ಹೆಣ್ಣು ನಂಗ್ ಬ್ಯಾಡ. ಅಕ್ಕಾ, ನಿನ್ ಮೇಲೆ ಕೋಪ ಇಲ್ಲ." ತಿರುಗಿ ಹೋದ.

ಅವನು ಬೀದಿ ತಿರುಗುವವರೆಗೆ ಪಳನಿಯಮ್ಮಾಳ್ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ, "ಓಡಿ ಹೋಗಿ ನಿಜ ಹೇಳ್ತೀನಿ. ನನ್ ತಮ್ಮ, ಕೇಳ್ತಾನೆ" ಎಂದಳು.

"ಕೇಳ್ತಾನೆ. ಊರೂ ಕೇಳ್ತದೆ. ಹೇಡಿಯ ಮಗಳನ್ನ ಬೇರೆ ಊರ್ನಾಗಾದ್ರೂ ಯಾರಾದ್ರೂ ತಗೋತಾರೆ. ಮಾಲೆಕಣ್ಣಿನೋನ ಮಗಳನ್ನ ಯಾರ್ ತಗೋತಾರೆ, ಹೇಳು?"

ಅವಳು ತಮ್ಮನ ಹಿಂದೆ ಹೋಗಲಿಲ್ಲ.

ತೈ ತಿಂಗಳು ವೀಳ್ಯವಿಲ್ಲದೆ ಕಳೆಯಿತು. ಪೆರಿಯಣ್ಣನ್ ಹಗಲು ಹೊಲದಲ್ಲಿ ಕಳೆ ತೆಗೆದು, ಹೊತ್ತು ಪಡುವಣ ಬೆಟ್ಟ ಮುಟ್ಟುವ ಮುಂಚೆ ಮನೆ ಸೇರಿ ಜಗುಲಿಯ ಕಂಬಕ್ಕೆ ಒರಗುತ್ತಿದ್ದ. ಬೆಟ್ಟದ ನೆರಳು ಬೀದಿಗೆ ಬಿದ್ದೊಡನೆ ಅವನ ಪಾಲಿಗೆ ದಿನ ಮುಗಿದಂತೆ. ಆ ಹೊತ್ತಿಗೇ ಜೆಯಲಕ್ಷ್ಮಿ ನೀರಿಗೆ ಹೋಗಿ ತುಂಬಿದ ಕೊಡ ಹೊತ್ತು ಬರುವುದು. ಅವನಿಗೆ ಅವಳ ಕಾಲಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ನೆಟ್ಟಗೆ ನಡೀತಾವ್ಳಾ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳುತ್ತಿದ್ದ.

"ನೆಟ್ಟಗೇ ನಡೀತಾವ್ಳೆ."

"ಬೀದಿ ನಡುವಿನ ಆ ಕಲ್ಲು ದಾಟಿದ್ಲಾ?"

"ದಾಟಿದ್ಲು."

ದಿನವೂ ಕೇಳುತ್ತಿದ್ದ, ದಿನವೂ ಅವಳು ಅದನ್ನೇ ಹೇಳುತ್ತಿದ್ದಳು. ಮುಂದಿನ ಮಾಸಿ ತಿಂಗಳ ಒಂದು ಸಂಜೆ ಕೇಳಿದಾಗ ಪಳನಿಯಮ್ಮಾಳ್‌ಳ ಉತ್ತರಕ್ಕೆ ಮೊದಲು ಬೇರೊಂದು ಸದ್ದು ಬಂತು. ಬೀದಿಯಲ್ಲಿ ಕಲ್ಲಿಗೆ ಕಾಲು ಎಡವಿ ಕೊಡದ ನೀರು ಚೆಲ್ಲಿದ ಸದ್ದು.

"ನೆಟ್ಟಗೇ ನಡೀತಾವ್ಳೆ" ಎಂದಳು.

ಕಲ್ಲು ದಾಟಿದಳಾ ಎಂದು ಅವನು ಕೇಳಲಿಲ್ಲ.