ಚಪ್ಪಲಿ ಕಾಯುವವನು

ಹೆಲ್ಮೆಟ್ಟಿನ ಪಟ್ಟಿಗೆ ಗಡ್ಡ ಸಿಕ್ಕಿ ಎಳೆಯುತ್ತಿದೆ, ಚೆನ್ನೈ ಬಿಟ್ಟು ಕೋವಳಂ ದಾಟಿದ ಮೇಲೆ ಗಾಳಿ ಎಡಗಡೆಯಿಂದ ಬೀಸಿ ಬೈಕನ್ನೇ ಓರೆ ಮಾಡುತ್ತದೆ, ಹಿಂದೆ ಕಟ್ಟಿದ ಟೆಂಟು ಬೆನ್ನಿಗೆ ಒತ್ತುತ್ತದೆ – ಇಷ್ಟು ದಿನ ಅಟ್ಟದ ಮೇಲಿದ್ದುದಕ್ಕೆ ಅದರ ತುಂಬ ನುಸಿಗುಳಿಗೆಯ ವಾಸನೆ, ಕಡಲ ಗಾಳಿಗೂ ಹೋಗಲೊಲ್ಲದು. ಈಗ ಹೋಗಿ ಬಾರೋ ಕಿಟ್ಟು, ಇನ್ನೇನು ತಡೆ ಇಲ್ಲವಲ್ಲ, ಎಂದಿದ್ದಳು ಅಮ್ಮ, ಮೈಲಾಪೂರಿನ ಮನೆಯಲ್ಲಿ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ. ತಡೆ ಇಲ್ಲ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಕಡಲಿಗೆ ಇಳಿಯಬಾರದು. ಅಮ್ಮ ಬೆರಳು ಮಡಿಸಿ ಹೇಳಿದ್ದನ್ನೆಲ್ಲ ಅವನು ನಡೆಸಿದ, ನಂಬಿಕೆಯಿಂದಲ್ಲ, ಬೇರೇನು ಮಾಡಬೇಕೆಂದು ತಿಳಿಯದೆ – ಹೊರುವವಳು ಶ್ರೀಪ್ರಿಯಾ, ಅವನ ಪಾಲಿಗೆ ಬಂದದ್ದು ಒಂದು ಗಡ್ಡ. ಪ್ರತಿ ವರ್ಷ ಒಬ್ಬನೇ ಬಂದು ಟೆಂಟು ಹಾಕಿ ಈಜುತ್ತಿದ್ದ ಈ ಕಡಲನ್ನೂ ಬಿಟ್ಟ. ಮಹಾಬಲಿಪುರದಾಚೆ ಟೀ ಅಂಗಡಿಯವನು ಗಡ್ಡ ನೋಡಿ, ಸಾಮಿ, ಮಾಲೈ ಪೋಟ್ಟಿರುಕ್ಕೀಂಗಳಾ, ಎಂದು ಲೋಟವನ್ನು ಇನ್ನೊಮ್ಮೆ ತೊಳೆದ, ಶಬರಿಮಲೆಗೆ ಮಾಲೆ ಹಾಕಿದವನೆಂದು. ಆಮಾ, ಎಂದುಬಿಟ್ಟ ಕಿಟ್ಟು. ಎಷ್ಟನೇ ವರ್ಷ ಸಾಮಿ. ಮೊದಲನೇದು. ಓ, ಕನ್ನಿಸಾಮಿ, ಹಾಗಾದರೆ ಎಲ್ಲರಿಗಿಂತ ಹೆಚ್ಚು ಪುಣ್ಯ ನಿಮಗೇ. ಟೀ ನಾಲಿಗೆ ಸುಟ್ಟಿತು, ಈಗಲೂ ಉರಿಯುತ್ತಿದೆ, ಪುಣ್ಯ.

ಬಸುರಿಯಾಗಿದ್ದಾಗ ಒಂದು ಸಂಜೆ ಮರೀನಾದಲ್ಲಿ ಶ್ರೀಪ್ರಿಯಾ ಚಪ್ಪಲಿ ಬಿಚ್ಚಿ ಅವನ ಕೈಗೆ ಕೊಟ್ಟು ನೀರಿಗೆ ನಡೆದಿದ್ದಳು, ಹಸಿರು ಪಟ್ಟಿಯ ಚಪ್ಪಲಿ, ಹಿಮ್ಮಡಿ ಸವೆದದ್ದು, ಕಾಲು ಬಾತು ಬೇರೆ ಯಾವುದೂ ಹಿಡಿಸುತ್ತಿರಲಿಲ್ಲ. ಬಾರೋ ಸ್ವಾಮಿ, ಅಲೆ ಏನು ಕಚ್ಚತ್ತಾ, ಅಮ್ಮಂಗೆ ನಾನು ಹೇಳಲ್ಲ ಬಾ. ಅವನು ಒಣ ಮರಳಿನ ಮೇಲೆ ನಿಂತೇ ಇದ್ದ, ಅಲೆ ಮುಂದೆ ಬಂದಾಗ ಹಿಂದೆ ಸರಿದ, ಕಡಲೆ ಸುಂಡಲ್ ಮಾರುವವನೂ ನಕ್ಕ, ಅವಳಂತೂ ಸೊಂಟ ಹಿಡಿದುಕೊಂಡು ನಗುತ್ತಿದ್ದಳು, ಇವನಿಗೆ ಒಳಗೊಳಗೇ ಹೆಮ್ಮೆ – ತಾನೂ ಏನನ್ನೋ ಕಾಯುತ್ತಿದ್ದೇನೆ ಎಂದು. ಕಾದದ್ದು ಚಪ್ಪಲಿ. ಸೀಮಂತದ ಬಳೆ ತೊಡಿಸಿದ ಮೇಲೆ ವಾರ ಕಳೆದಿರಲಿಲ್ಲ, ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು, ಡಾಕ್ಟರಮ್ಮ ಯಾರ ತಪ್ಪೂ ಅಲ್ಲ ಎಂದರು, ಅಮ್ಮನಿಗೆ ಅದು ಸಾಕಾಗಲಿಲ್ಲ, ತಪ್ಪು ಎಂದ ಮೇಲೆ ಅದಕ್ಕೊಬ್ಬ ಯಜಮಾನ ಬೇಡವೇ. ಕಿಟ್ಟು, ನಿಜ ಹೇಳೋ, ಬೀಚು ಗೀಚು ಅಂತ ಹೋಗಿ ಎಲ್ಲಾನಾ ನೀರಿಗೆ ಕಾಲಿಟ್ಟಿಯೇನೋ. ಅವನು ಶ್ರೀಪ್ರಿಯಾಳತ್ತ ತಿರುಗಿದ, ಅವಳು ನೋಡಿದ್ದಳಲ್ಲ, ಒಂದು ಮಾತು, ಇಲ್ಲ ಅತ್ತೆ ಎಂದು ಒಂದೇ ಮಾತು. ಗೋಡೆಗೆ ಮುಖ ಮಾಡಿ ಮಲಗಿದ್ದವಳು ಹೊರಳಿದಳು, ಅವನ ಪಾದಗಳನ್ನು ನೋಡಿದಳು. ಒದ್ದೆಯಿದೆಯೇನೋ ಎನ್ನುವಂತೆ. ಈವತ್ತು ಬೆಳಿಗ್ಗೆ ನೀನೂ ಬರ್ತಿಯಾ ಎಂದು ಕೇಳಿದ್ದಕ್ಕೆ ಬಾಯಿ ಬಿಟ್ಟಳು, ನಾನ್ಯಾಕೆ, ನೀನು ಹೋಗು, ಹೋಗಿ ಇಳಿ, ಅದಕ್ಕೇ ತಾನೇ ಕಾದಿದ್ದೆ.

ರಸ್ತೆ ಬಿಟ್ಟು ಗಾಳಿಮರಗಳ ಸವುಕು ತೋಪಿನೊಳಗೆ ಬೈಕು ತೂರಿಸಿ ಬಂದರೆ ಹಳೆಯ ಮರಳದಂಡೆಯೇ ಇಲ್ಲ, ಕಡಲು ತಿಂದುಹಾಕಿದೆ, ಉಳಿದದ್ದನ್ನು ಉಳಿಸಲೆಂದು ಸುರಿದ ಕರಿಬಂಡೆಗಳು, ನಡುವೆ ಅರ್ಧ ಗೋಡೆಯ ಒಂದು ಮನೆ, ಬಾಗಿಲು ನೀರಿಗೇ ತೆರೆದಿದೆ. ಟೆಂಟಿನ ಗೂಟ ಎಲ್ಲೂ ಇಳಿಯುವುದಿಲ್ಲ, ಹೊಡೆದರೆ ಕಲ್ಲು, ಸರಿಸಿ ಹೊಡೆದರೆ ಮತ್ತೆ ಕಲ್ಲು, ಬಟ್ಟೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಇರಲಿ ಬಿಡು. ಬಂಡೆಯಿಂದ ಬಂಡೆಗೆ ಕೆಳಗಿಳಿದ, ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಕಲ್ಲಿನಲ್ಲಿ ಇನ್ನೂ ಹಗಲಿನ ಬಿಸಿ. ಇಳಿದರೆ ಅಮ್ಮ, ಶ್ರೀಪ್ರಿಯಾ ಇಬ್ಬರ ಮಾತೂ ನಿಜವಾಗುತ್ತದೆ, ಈಗಲ್ಲ ಆಗಲೇ ಇಳಿದಂತೆ; ಇಳಿಯದಿದ್ದರೆ ಯಾರಿಗಾಗಿ, ಬಸುರಿಯ ಗಂಡನೇ ಈಗ ಇವನು, ಯಾವ ಬಸುರಿ, ತಡೆ ಇಲ್ಲ ಎಂದಳಲ್ಲ ಅಮ್ಮ, ತಡೆ ಇಲ್ಲದಿರುವುದೆಂದರೆ ಇದೇ – ಅಲೆ ಬಂಡೆಯ ಬುಡಕ್ಕೆ ಬಡಿದು ಮೇಲೇರಿತು, ಹೆಬ್ಬೆರಳಿಗೆ ಗೇಣು ದೂರ, ಅವನ ಕಾಲು ತಾನಾಗಿಯೇ ಹಿಂದೆ ಸರಿಯಿತು, ಮತ್ತೆ ಬಂತು, ಮತ್ತೆ ಸರಿಯಿತು. ಕೈಯಲ್ಲಿ ಬೂಟು, ಎರಡೂ ಒಂದೇ ಕೈಯಲ್ಲಿ, ಎದೆಯ ಮಟ್ಟಕ್ಕೆ ಎತ್ತಿ, ನೀರು ಸಿಡಿಯದ ಹಾಗೆ. ಮರೀನಾದಲ್ಲಿ ಅವಳ ಚಪ್ಪಲಿ ಹಿಡಿದಿದ್ದ ಹಾಗೆಯೇ, ಹಸಿರು ಪಟ್ಟಿ, ಸವೆದ ಹಿಮ್ಮಡಿ. ನೀರಿನಲ್ಲಿ ಯಾರೂ ಇಲ್ಲ. ಪಾದ ಒಣಗಿಯೇ ಇದೆ, ನೋಡು, ನೋಡು ಶ್ರೀಪ್ರಿಯಾ, ಒಣಗಿಯೇ ಇದೆ, ಹಸಿರು ಪಟ್ಟಿಯ ಚಪ್ಪಲಿ.