ಘಟ್ಟ ಇಳಿದ ಕೆಂಪು ಕಾರು

ನಾನು ಒಂದು ಫಿಯೆಟ್ ಕಾರು. ಹುಟ್ಟಿದ್ದು ಮುಂಬಯಿಯ ಕಾರ್ಖಾನೆಯಲ್ಲಿ, ಹುಟ್ಟಿದಾಗಿನ ಬಣ್ಣ ಬೂದಿ. ಈಗ ನೋಡಲು ಬರುವವರೆಲ್ಲ ‘ಆ ಕೆಂಪು ಕಾರು’ ಎನ್ನುತ್ತಾರೆ. ಆ ಕೆಂಪು ಬಣ್ಣ ಸಿನಿಮಾದವರು ಬಳಿದದ್ದು. ಆದರೂ ಯಾರಾದರೂ ಬೂದಿಯ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ.

ಬೆಂಗಳೂರಿನ ಗಾಂಧಿನಗರದಲ್ಲಿ ಸಿನಿಮಾಗಳಿಗೆ ಗಾಡಿ ಬಾಡಿಗೆಗೆ ಕೊಡುವ ಒಂದು ಶೆಡ್ಡು ನನ್ನ ಮೊದಲ ಮನೆ. ನನ್ನನ್ನು ಓಡಿಸುತ್ತಿದ್ದವನು ಚೌರಪ್ಪ. ಆಗ ಅವನಿಗೆ ಇಪ್ಪತ್ತೆಂಟು, ತನ್ನ ಮೀಸೆಯ ಮೇಲೆ ವಿಪರೀತ ಮೋಹ. ನನ್ನನ್ನು ‘ಅಮ್ಮಾ’ ಎಂದು ಕರೆಯುತ್ತಿದ್ದ. ನನಗೂ ಅವನ ಕಾಲು ತಾಗಿದರೇನೇ ಎಂಜಿನ್ ನೆಟ್ಟಗಾಗುತ್ತಿತ್ತು, ಬೇರೆಯವರು ಕೂತರೆ ಕೆಮ್ಮು.

ಎಪ್ಪತ್ತನಾಲ್ಕರಲ್ಲಿ ನಮಗೆ ಚಾರ್ಮಾಡಿ ಘಾಟಿಯಲ್ಲಿ ಶೂಟಿಂಗ್ ಬಿತ್ತು. ಖಳರಿಂದ ತಪ್ಪಿಸಿಕೊಂಡ ನಾಯಕಿ ಒಬ್ಬಳೇ ಕಾರು ಓಡಿಸಿಕೊಂಡು ಘಟ್ಟ ಇಳಿಯಬೇಕು. ತೊಂದರೆ ಏನೆಂದರೆ, ಆ ನಟಿಗೆ ಸ್ಟೇರಿಂಗ್ ಹಿಡಿದೇ ಗೊತ್ತಿರಲಿಲ್ಲ. ಮುಖ ಕಾಣುವ ಶಾಟುಗಳಿಗೆ ಆಕೆ ನನ್ನೊಳಗೆ ಕೂತರೆ, ನಾಲ್ಕು ಜನ ನನ್ನ ಬಂಪರ್ ಹಿಡಿದು ಕುಲುಕುತ್ತಿದ್ದರು, ಇಬ್ಬರು ಮರದ ಕೊಂಬೆ ಹಿಡಿದು ಕಿಟಕಿಯ ಪಕ್ಕ ಓಡುತ್ತಿದ್ದರು. ನಾನು ನಿಂತಲ್ಲೇ ಇದ್ದೆ. ತೆರೆಯ ಮೇಲೆ ಮಾತ್ರ ನಾವು ಹಾರುತ್ತಿದ್ದೆವು.

ದೂರದ ಶಾಟುಗಳಿಗೆ ಚೌರಪ್ಪನಿಗೆ ಹಳದಿ ಸೀರೆ ಉಡಿಸಿದರು, ವಿಗ್ ಹಾಕಿದರು. ಆಗ ಅದೇ ರೂಢಿ. ಮೀಸೆ ತೆಗೆಯಲು ಅವನು ಸುತಾರಾಂ ಒಪ್ಪಲಿಲ್ಲ. “ದೂರಕ್ಕೆ ಕಾಣಲ್ಲ ಬಿಡಿ ಸಾರ್” ಎಂದ. ಒಳಗೆ ಕೂತು ನೆರಿಗೆ ಎತ್ತಿಕೊಂಡು, “ಈ ಸೀರೇಲಿ ಬ್ರೇಕ್ ಎಲ್ಲಿದೆ ಅಂತ ಹುಡ್ಕೋದೇ ಒಂದು ಕೆಲ್ಸ. ಹೆದರ್ಕೋಬೇಡಮ್ಮಾ, ನಾನಿದೀನಿ” ಎಂದ. ಹೆದರಿದ್ದು ಅವನೇ. ಸ್ಟೇರಿಂಗ್ ಮೇಲೆ ಅವನ ಅಂಗೈ ಬೆವೆತಿತ್ತು. ಆದರೂ ಆ ತಿರುವುಗಳಲ್ಲಿ ನನ್ನನ್ನು ಎಷ್ಟು ನಾಜೂಕಾಗಿ ಇಳಿಸಿದ ಎಂದರೆ, ನನ್ನ ಜೀವನದಲ್ಲಿ ಅಂಥ ಹನ್ನೊಂದು ನಿಮಿಷ ಮತ್ತೆ ಬರಲಿಲ್ಲ.

ಟೈಟಲ್ಲಿನಲ್ಲಿ ತನ್ನ ಹೆಸರು ಹಾಕಿ ಎಂದು ಅವನು ಮ್ಯಾನೇಜರನ್ನು ಕೇಳಿದ. “ಹೆಸ್ರು ಹಾಕಿದ್ರೆ ಗುಟ್ಟು ರಟ್ಟಾಗಲ್ವೇನಯ್ಯಾ?” ಎಂದು ಆತ ನಕ್ಕ. ಸಿನಿಮಾ ನೂರು ದಿನ ಓಡಿತು. ನಟಿಯೇ ಕಾರು ಓಡಿಸಿದಳೆಂದು ಪತ್ರಿಕೆಗಳು ಬರೆದವು. ಚೌರಪ್ಪ ಹೆಂಡತಿಯನ್ನು ಥಿಯೇಟರಿಗೆ ಕರೆದೊಯ್ದು, ಅದು ನಾನೇ ಕಣೇ ಎಂದನಂತೆ. ಅವಳೂ ನಂಬಲಿಲ್ಲ. ಇದನ್ನು ಅವನು ನನ್ನ ಗಾಜು ಒರೆಸುತ್ತ ಹೇಳಿಕೊಂಡು ಅತ್ತ.

ಆಮೇಲೆ ಶೆಡ್ಡು ಮುಚ್ಚಿತು. ನಾನು ಒಬ್ಬ ಫೋಟೋಗ್ರಾಫರನ ಪಾಲಾದೆ, ಆಮೇಲೆ ಒಬ್ಬ ಮೇಷ್ಟ್ರ ಪಾಲಾದೆ. ಕೊನೆಗೆ ಕೋಲಾರದ ಒಂದು ಹಿತ್ತಲಿನಲ್ಲಿ ಕೋಳಿಗಳು ನನ್ನ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟವು. ಬೇಸರವಾಯಿತೆಂದು ಹೇಳಲಾರೆ. ಕಾವು ಕೂತ ಕೋಳಿಯಾದರೂ ಮೈಗೆ ಬೆಚ್ಚಗಿರುತ್ತದೆ.

ಅಲ್ಲಿಂದ ನನ್ನನ್ನು ಹುಡುಕಿ ತಂದವರು ಹುಬ್ಬಳ್ಳಿಯ ಸರೋಜಿನಿ ಹಂಪಿಹೊಳಿ. ಸಿನಿಮಾ, ಧಾರಾವಾಹಿಗಳಲ್ಲಿ ಹೆಸರು ಮಾಡಿದ ಗಾಡಿಗಳನ್ನು ಕೂಡಿಸುವುದು ಅವರ ಹುಚ್ಚು. ಹಳೆಯ ಹತ್ತಿ ಗೋದಾಮಿನಲ್ಲಿ ಇಪ್ಪತ್ತು ಗಾಡಿಗಳಿದ್ದೇವೆ. ಖಳನ ಜೀಪು, ಪೊಲೀಸ್ ಧಾರಾವಾಹಿಯ ಬುಲೆಟ್, ಹಾಸ್ಯದ ಸೀನಿಗೆ ಅರ್ಧಕ್ಕೆ ಕೊಯ್ದ ಬಸ್ಸು. ಎಲ್ಲರ ಬ್ಯಾಟರಿ ತೆಗೆದಿದ್ದಾರೆ, ಪೆಟ್ರೋಲ್ ಬಸಿದಿದ್ದಾರೆ, ಟೈರು ಕೆಡದಿರಲೆಂದು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ನೆಲ ಮುಟ್ಟಿ ಒಂಬತ್ತು ವರ್ಷವಾಯಿತು. ಒತ್ತೊತ್ತಾಗಿ ನಿಂತಿದ್ದರೂ ನಾವೆಲ್ಲ ನಮ್ಮ ನಮ್ಮ ಸಿನಿಮಾದೊಳಗೇ ಇರುತ್ತೇವೆ. ಇಷ್ಟು ಜನರ ನಡುವೆ ಇಷ್ಟು ಒಂಟಿತನವನ್ನು ನಾನು ಹಿತ್ತಲಿನಲ್ಲೂ ಕಂಡಿರಲಿಲ್ಲ.

ನನ್ನ ಮುಂದೆ ಒಂದು ಬೋರ್ಡು. ‘ಓಡಿಸಿದವರು’ ಎಂದು ಬರೆದು ನಟಿಯ ಹೆಸರು.

ಕಳೆದ ವರ್ಷ ಒಂದು ಮಧ್ಯಾಹ್ನ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಮೀಸೆ ಬೆಳ್ಳಗಾಗಿದ್ದರೂ ನಾನು ತಕ್ಷಣ ಗುರುತು ಹಿಡಿದೆ. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟ. ಹಾರ್ನ್ ಹೊಡೆಯಬೇಕೆನ್ನಿಸಿತು, ಬ್ಯಾಟರಿ ಎಲ್ಲಿದೆ?

“ಪೇಪರಲ್ಲಿ ನಿನ್ ಫೋಟೋ ನೋಡ್ದೆ ಕಣಮ್ಮಾ” ಎಂದು ಪಿಸುಗುಟ್ಟಿದ. “ಈ ಬೋರ್ಡಲ್ಲಿ ನನ್ ಹೆಸ್ರು ಬರೆಸ್ಬೇಕು. ಸಾಯೋಕ್ ಮುಂಚೆ ಒಬ್ರಾದ್ರೂ ನಂಬ್ಲಿ. ಸಾಕ್ಷಿ ತಂದಿದೀನಿ.” ಜೇಬಿನಿಂದ ಒಂದು ಹಳೆಯ ಫೋಟೋ ತೆಗೆದು ತೋರಿಸಿದ. ಸೀರೆಯುಟ್ಟು, ವಿಗ್ ಕೈಯಲ್ಲಿ ಹಿಡಿದು, ಮೀಸೆ ತಿರುವುತ್ತ ನನಗೊರಗಿ ನಿಂತ ಚೌರಪ್ಪ.

ಅಷ್ಟರಲ್ಲಿ ಸರೋಜಿನಿ ಚಹಾ ಹಿಡಿದು ಬಂದರು. ಅವನು ಫೋಟೋವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಬರ್ರಿ ಅಣ್ಣಾರ. ಈ ಗಾಡಿ ಗುರ್ತ ಐತೇನ್ರಿ? ಈ ಸಿನಿಮಾ ನೋಡಿದಾಗ ನಾ ಹದಿನಾರು ವರ್ಷದಾಕಿ. ಮನ್ಯಾಗ ಸೈಕಲ್ ಸೈತ ಮುಟ್ಟಗೊಡ್ತಿರಲಿಲ್ರಿ. ಹೆಣಮಗಳೊಬ್ಬಾಕಿ ಘಟ್ಟ ಇಳ್ಯೂದು ನೋಡಿ, ಆಕಿ ಕೈಲೆ ಆದ್ರ ನನ್ನ ಕೈಲೂ ಆಗ್ತೈತಿ ಅನ್ನಿಸ್ತು. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡಸೀನ್ರಿ, ಬರೇ ಹೆಣಮಕ್ಕಳಿಗೆ. ಮದಲನೇ ದಿನ ಎಲ್ಲಾರಿಗೂ ಇದ ಸೀನ್ ತೋರಸ್ತಿದ್ನಿ.” ಕಣ್ಣೊರೆಸಿಕೊಂಡು ಕೇಳಿದರು, “ನೀವು ಯಾರ್ರಿ?”

ಹೇಳೋ ಚೌರಪ್ಪ, ಹೇಳು ಎಂದು ನನ್ನ ಮೈಯೆಲ್ಲ ಕೂಗಿತು. ಅವನು ಚಹಾದ ಲೋಟ ತೆಗೆದುಕೊಂಡ. ಫೋಟೋ ಮೆಲ್ಲಗೆ ಜೇಬಿಗೆ ಹೋಯಿತು.

“ಚೌರಪ್ಪ ಅಂತ ಮೇಡಂ. ಆಗ ಯೂನಿಟ್ಟಲ್ಲಿ ಗಾಡಿ ತೊಳೀತಿದ್ದೆ. ಆಯಮ್ಮ ಒಬ್ರೇ ಓಡ್ಸಿದ್ರು. ನಾನೇ ಕಣ್ಣಾರೆ ನೋಡಿದೀನಿ.”

ಸರೋಜಿನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನ ಎರಡೂ ಕೈ ಹಿಡಿದುಕೊಂಡರು. ಅವನು ಹೊರಡುವಾಗ ನನ್ನತ್ತ ತಿರುಗಲಿಲ್ಲ. ಮತ್ತೆ ಬರಲೂ ಇಲ್ಲ.

ಮರುವಾರ ಪೇಂಟರ್ ಬಂದು ಬೋರ್ಡಿನಲ್ಲಿ ನಟಿಯ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿ ಹೋದ: ‘ಕಣ್ಣಾರೆ ಕಂಡವರು: ಚೌರಪ್ಪ, ಬೆಂಗಳೂರು.’ ನೋಡಲು ಬಂದವರು ಅದನ್ನು ಗಟ್ಟಿಯಾಗಿ ಓದಿ ಮುಂದಿನ ಜೀಪಿನ ಕಡೆ ಹೋಗುತ್ತಾರೆ. ಆ ಘಟ್ಟ ಇಳಿದವರು ನಾವಿಬ್ಬರೇ. ಒಬ್ಬ ಸುಳ್ಳು ಹೇಳಿ ಹೋದ, ಇನ್ನೊಬ್ಬಳಿಗೆ ಬಾಯಿಲ್ಲ.